ಐದನೇ ವರ್ಷದ ರಕ್ತಪರೀಕ್ಷೆ

ಬೊಜ್ಜು ಬೆಂಗಳೂರಿನವರ ಕಾಯಿಲೆ, ಹಾವೇರಿ ಕಡೆಯವರದು ಹೊಲದಲ್ಲಿ ದುಡಿದು ಕರಗುವ ಮೈ ಎಂಬ ಮಾತು ಈಗ ಲೆಕ್ಕಕ್ಕೆ ನಿಲ್ಲುವುದಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2015-16ರಲ್ಲಿ ಕರ್ನಾಟಕದ ಮಹಿಳೆಯರಲ್ಲಿ ಶೇ 23.3 ಮಂದಿ ಅತಿತೂಕದವರು ಇಲ್ಲವೇ ಬೊಜ್ಜಿನವರಾಗಿದ್ದರು. 2019-21ರ ಸುತ್ತಿನಲ್ಲಿ ಅದು ಶೇ 30.1 ಆಯಿತು. ಗಂಡಸರಲ್ಲಿ ಶೇ 22.1 ಇದ್ದದ್ದು 30.9ಕ್ಕೆ ಏರಿತು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಜೋಳ ಬೆಳೆಯುತ್ತಿದ್ದ ಹೊಲಗಳಿಗೆ ಗೋವಿನಜೋಳ ಬಂತು; ಅದನ್ನು ನಾವು ಉಣ್ಣುವುದಿಲ್ಲ, ಕೋಳಿಗೆ ಹಾಕುತ್ತೇವೆ, ಕಾರ್ಖಾನೆಗೆ ಮಾರುತ್ತೇವೆ. ಗಂಗಾಳದಲ್ಲಿ ರೊಟ್ಟಿ ಇದ್ದ ಜಾಗಕ್ಕೆ ಅನ್ನ ಬಂತು, ಒಗ್ಗರಣೆಗೆ ಎಣ್ಣೆ ಧಾರಾಳವಾಯಿತು. ಎತ್ತಿನ ಹಿಂದೆ ನಡೆಯುತ್ತಿದ್ದವನು ಟ್ರ್ಯಾಕ್ಟರ್ ಮೇಲೆ ಕೂತ. ಬ್ಯಾಡಗಿಯ ಮೆಣಸಿನಕಾಯಿ ಗೋದಾಮುಗಳಲ್ಲಿ ತೊಟ್ಟು ಬಿಡಿಸುವ ಹೆಣ್ಣುಮಕ್ಕಳ ದುಡಿಮೆ ಕಷ್ಟದ್ದೇ, ಆದರೆ ಬೆಳಗಿನಿಂದ ಸಂಜೆಯವರೆಗೆ ಕೂತು ಮಾಡುವಂಥದ್ದು. ರಾಣೆಬೆನ್ನೂರಿನ ಬೀಜದ ಅಂಗಡಿ, ಹತ್ತಿ ಮಂಡಿ, ಹಾವೇರಿಯ ಸರ್ಕಾರಿ ಕಚೇರಿಗಳ ದುಡಿಮೆಯೂ ಕುರ್ಚಿಯದೇ. ಹೀಗಾಗಿ ಹತ್ತು ವರ್ಷದ ಹಿಂದೆ ಇಲ್ಲಿ ಯಾರೂ ಕೇಳದಿದ್ದ ಪ್ರಶ್ನೆ ಈಗ ಮನೆಮನೆಯಲ್ಲಿ ಕೇಳಿಬರುತ್ತಿದೆ: ಆಪರೇಷನ್ ಮಾಡಿಸೋದೋ, ಬಾಯಿ ಕಟ್ಟೋದೋ? ನನ್ನ ಮಟ್ಟಿಗೆ ಈ ಪ್ರಶ್ನೆಯನ್ನು ಸಂಕಲ್ಪಬಲದ ತಕ್ಕಡಿಯಲ್ಲಿ ಇಡುವುದೇ ತಪ್ಪು. ಕಾಯಿಲೆ ಎಷ್ಟು ಬಲಿತಿದೆ, ಆಪರೇಷನ್ ಆದ ಐದನೇ ವರ್ಷ ರಕ್ತ ಪರೀಕ್ಷೆ ಮಾಡಿ ನೋಡುವವರು ಹತ್ತಿರ ಇದ್ದಾರೆಯೇ, ಈ ಎರಡು ಸಂಗತಿಗಳ ಮೇಲೆ ಅದು ತೀರ್ಮಾನವಾಗಬೇಕು.

ಮೊದಲು ಸಂಕಲ್ಪಬಲದ ಮಾತನ್ನೇ ನೋಡೋಣ. ದಪ್ಪ ಇರುವವರಿಗೆ ನಮ್ಮ ಊರುಗಳಲ್ಲಿ ಬಿಟ್ಟಿ ಸಿಗುವ ಉಪದೇಶ ಒಂದೇ, ಬಾಯಿ ಕಟ್ಟು. ಹೇಳಿದವರೇ ಮರುಗಳಿಗೆ ಇನ್ನೊಂದು ಹೋಳಿಗೆ ಬಡಿಸಿ ಮೇಲೆ ತುಪ್ಪ ಸುರಿಯುತ್ತಾರೆ, ಆ ಮಾತು ಬೇರೆ. ಬಾಯಿ ಕಟ್ಟಿದವರ ದೇಹದೊಳಗೆ ಏನಾಗುತ್ತದೆ ಎಂಬುದನ್ನು ವಿಜ್ಞಾನಿಗಳು ಅಳೆದು ನೋಡಿದ್ದಾರೆ. ಆಸ್ಟ್ರೇಲಿಯಾದಲ್ಲಿ 50 ಮಂದಿಗೆ ಹತ್ತು ವಾರ ತೀರಾ ಕಡಿಮೆ ಕ್ಯಾಲೊರಿಯ ಊಟ ಕೊಟ್ಟು ತೂಕ ಇಳಿಸಿದರು. 2011ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಒಂದು ವರ್ಷ ಕಳೆದರೂ ಹಸಿವು ಹೆಚ್ಚಿಸುವ ಹಾರ್ಮೋನು ಏರಿದ ಮಟ್ಟದಲ್ಲೇ ಇತ್ತು, ಹೊಟ್ಟೆ ತುಂಬಿತೆಂದು ಹೇಳುವ ಹಾರ್ಮೋನುಗಳು ತಗ್ಗಿಯೇ ಇದ್ದವು. ಅಮೆರಿಕದ ತೂಕ ಇಳಿಸುವ ಟಿ.ವಿ. ಸ್ಪರ್ಧೆಯೊಂದರಲ್ಲಿ ಭಾಗವಹಿಸಿದ್ದ 14 ಮಂದಿಯನ್ನು ಆರು ವರ್ಷದ ನಂತರ ಪರೀಕ್ಷಿಸಿದಾಗ, ಸುಮ್ಮನೆ ಕೂತಾಗ ಅವರ ದೇಹ ಸುಡುತ್ತಿದ್ದ ಶಕ್ತಿ ಅವರ ಮೈಕಟ್ಟಿಗೆ ಇರಬೇಕಾದ್ದಕ್ಕಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ ಇತ್ತು. ಕಳೆದುಕೊಂಡ ತೂಕವನ್ನು ದೇಹ ನಷ್ಟವೆಂದು ಬಗೆದು ಮರಳಿ ವಸೂಲಿಗೆ ನಿಲ್ಲುತ್ತದೆ. ಹತ್ತು ಕಿಲೋ ಇಳಿಸಿ ಹನ್ನೆರಡು ಕಿಲೋ ಏರಿಸಿಕೊಂಡವರನ್ನು ಸೋಮಾರಿ, ಚಪಲದವರು ಎಂದು ಹಂಗಿಸುವವರಿಗೆ ಶರೀರಶಾಸ್ತ್ರದ ಬೆಂಬಲವಿಲ್ಲ.

ಆಪರೇಷನ್ನಿನ ಬಲ ಇರುವುದು ಈ ಜಾಗದಲ್ಲೇ. ಈಗ ಹೆಚ್ಚು ನಡೆಯುವ ಸ್ಲೀವ್ ಎಂಬ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಬಾಳೆಕಾಯಿಯ ಆಕಾರದ ಕೊಳವೆಯಾಗಿ ಮಾಡುತ್ತಾರೆ. ಬೈಪಾಸ್‌ನಲ್ಲಿ ಜಠರದ ಸಣ್ಣ ಚೀಲವೊಂದನ್ನು ಬೇರೆ ಮಾಡಿ ನೇರವಾಗಿ ಸಣ್ಣ ಕರುಳಿನ ಮುಂದಿನ ಭಾಗಕ್ಕೆ ಜೋಡಿಸುತ್ತಾರೆ. ಚೀಲ ಚಿಕ್ಕದಾಗುವುದು ಅರ್ಧ ಕಥೆ. ಹಸಿವಿನ ಹಾರ್ಮೋನು ಗ್ರೆಲಿನ್ ಹೆಚ್ಚಾಗಿ ಹುಟ್ಟುವುದು ಸ್ಲೀವ್‌ನಲ್ಲಿ ಕತ್ತರಿಸಿಹೋಗುವ ಮೇಲ್ಭಾಗದಲ್ಲೇ. ಕರುಳು ಕಳಿಸುವ ಸಂದೇಶಗಳೂ ಬದಲಾಗುತ್ತವೆ. 1987ರಲ್ಲಿ ಸ್ವೀಡನ್ನಿನಲ್ಲಿ ಆರಂಭವಾದ ಅಧ್ಯಯನ ಆಪರೇಷನ್ ಮಾಡಿಸಿಕೊಂಡ 2,010 ಮಂದಿಯನ್ನೂ ರೂಢಿಯ ಚಿಕಿತ್ಸೆ ಪಡೆದ 2,037 ಮಂದಿಯನ್ನೂ ದಶಕಗಳ ಕಾಲ ಹಿಂಬಾಲಿಸಿತು. ಎರಡನೇ ಗುಂಪಿನ ತೂಕ ಹದಿನೈದು ವರ್ಷ ಇದ್ದಲ್ಲೇ ಅಲ್ಪಸ್ವಲ್ಪ ಓಲಾಡಿತು. ಬೈಪಾಸ್ ಆದವರು ಹದಿನೈದು ವರ್ಷದ ನಂತರವೂ ಮೂಲ ತೂಕಕ್ಕಿಂತ ಶೇ 27ರಷ್ಟು ಕೆಳಗಿದ್ದರು. ಆಪರೇಷನ್ ಗುಂಪಿನವರ ಆಯುಷ್ಯ ಸುಮಾರು ಮೂರು ವರ್ಷ ಹೆಚ್ಚಿತ್ತು. ಇದು ಚೀಟಿ ಎತ್ತಿ ರೋಗಿಗಳನ್ನು ಹಂಚಿದ ಅಧ್ಯಯನವಲ್ಲ ಎಂಬ ತಕರಾರು ನ್ಯಾಯವಾದದ್ದೇ. ಹಾಗೆ ಹಂಚಿದ ಅಧ್ಯಯನವೂ ಇದೆ. ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಹತೋಟಿ ತಪ್ಪಿದ ಸಕ್ಕರೆ ಕಾಯಿಲೆಯ 150 ಮಂದಿಯ ಮೇಲೆ ನಡೆದ ಪ್ರಯೋಗದಲ್ಲಿ, ಐದು ವರ್ಷದ ಕೊನೆಗೆ ಮೂರು ತಿಂಗಳ ಸರಾಸರಿ ಸಕ್ಕರೆಯ ಅಂಕ 6 ಅಥವಾ ಅದಕ್ಕಿಂತ ಕೆಳಗೆ ಬಂದವರು ಬರೀ ಔಷಧದ ಗುಂಪಿನಲ್ಲಿ ಶೇ 5, ಸ್ಲೀವ್ ಗುಂಪಿನಲ್ಲಿ ಶೇ 23, ಬೈಪಾಸ್ ಗುಂಪಿನಲ್ಲಿ ಶೇ 29. ತೂಕ ವಿಪರೀತ ಇದ್ದು ಜೊತೆಗೆ ಶುಗರ್, ನಿದ್ದೆಯಲ್ಲಿ ಉಸಿರು ಕಟ್ಟುವಿಕೆ ಇರುವವರಿಗೆ ಇನ್ನೊಂದು ವರ್ಷ ಪಥ್ಯ ಮಾಡಿ ನೋಡು ಎನ್ನುವುದು ಸಲಹೆಯಂತೆ ಕಂಡರೂ ವಾಸ್ತವದಲ್ಲಿ ಕಾಲಹರಣ.

ಆದರೆ ಅಂಥವರು ಎಷ್ಟು ಮಂದಿ? ಸಮೀಕ್ಷೆಯ ಶೇ 30ರಲ್ಲಿ ಬಹುಪಾಲು ಈ ಸಾಲಿಗೆ ಸೇರುವುದಿಲ್ಲ. ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ ಬರುತ್ತದೆ. ಭಾರತೀಯರಿಗಾಗಿ 2009ರಲ್ಲಿ ನಮ್ಮ ತಜ್ಞರು ಒಪ್ಪಿದ ಲೆಕ್ಕದಲ್ಲಿ ಆಪರೇಷನ್ನಿಗೆ ಬಿಎಂಐ 37.5 ದಾಟಿರಬೇಕಿತ್ತು, ಬೊಜ್ಜಿನಿಂದ ಬಂದ ಬೇರೆ ಕಾಯಿಲೆ ಇದ್ದರೆ 32.5. ಐದು ಅಡಿ ಮೂರು ಇಂಚಿನ ಹೆಣ್ಣುಮಗಳೊಬ್ಬಳಿಗೆ ಇದು 96 ಕಿಲೋ, ಇಲ್ಲವೇ 83 ಕಿಲೋ. 2022ರಲ್ಲಿ ಅಂತರರಾಷ್ಟ್ರೀಯ ಶಸ್ತ್ರವೈದ್ಯ ಸಂಘಗಳು ಏಷ್ಯಾದವರ ಗೆರೆಯನ್ನು 27.5ಕ್ಕೆ ಇಳಿಸಿದವು. ಅದೇ ಹೆಣ್ಣುಮಗಳಿಗೆ ಅದು 70 ಕಿಲೋ. ಹಾವೇರಿ ಬಸ್ ನಿಲ್ದಾಣದಲ್ಲಿ ಒಂದು ತಾಸು ನಿಂತರೆ ಈ ಗೆರೆ ದಾಟಿದವರು ಎಷ್ಟೋ ಮಂದಿ ಕಣ್ಣಿಗೆ ಬೀಳುತ್ತಾರೆ. ಶಸ್ತ್ರವೈದ್ಯರು ಎಳೆದ ಗೆರೆ ಶಸ್ತ್ರಕ್ಕೆ ಸ್ವಲ್ಪ ಉದಾರವಾಗಿರುವುದು ಸಹಜ. ಅದನ್ನು ನಾವು ಹಾಗೇ ಒಪ್ಪಿಕೊಳ್ಳಬೇಕಾಗಿಲ್ಲ. ಏಕೆಂದರೆ ಈ ನಡುವಿನ ತೂಕದವರಲ್ಲಿ ಊಟದ ಬದಲಾವಣೆ ಗೆದ್ದ ದಾಖಲೆ ಚೆನ್ನಾಗಿದೆ. ಶುಗರ್ ಬರುವ ಹಂತದಲ್ಲಿದ್ದವರು ತೂಕದ ಶೇ 7 ಇಳಿಸುವ ಗುರಿ ಇಟ್ಟುಕೊಂಡು ನಡೆದಾಡಿದರೆ ಕಾಯಿಲೆಯ ಅಪಾಯ ಶೇ 58 ತಗ್ಗಿದ್ದನ್ನು ಅಮೆರಿಕದ ಪ್ರಯೋಗ ತೋರಿಸಿತು. ಚೆನ್ನೈನಲ್ಲಿ ನಡೆದ ಭಾರತೀಯ ಪ್ರಯೋಗದ ಫಲಿತಾಂಶ ಇನ್ನೂ ಕುತೂಹಲದ್ದು: ಅಲ್ಲಿ ತೂಕ ಇಳಿಯಲೇ ಇಲ್ಲ ಎನ್ನಬೇಕು, ಆದರೂ ಊಟ ಮತ್ತು ನಡಿಗೆ ಬದಲಿಸಿದವರಲ್ಲಿ ಅಪಾಯ ಶೇ 28.5 ಕಡಿಮೆಯಾಯಿತು. ಬ್ರಿಟನ್ನಿನಲ್ಲಿ ಶುಗರ್ ಬಂದು ಆರು ವರ್ಷದೊಳಗಿನ 306 ಮಂದಿಯ ಪೈಕಿ ಕಟ್ಟುನಿಟ್ಟಿನ ಪಥ್ಯದ ಗುಂಪಿನವರಲ್ಲಿ ಶೇ 46 ಮಂದಿಗೆ ಒಂದು ವರ್ಷದಲ್ಲಿ ಮಾತ್ರೆಯಿಲ್ಲದೆ ಸಕ್ಕರೆ ಹತೋಟಿಗೆ ಬಂತು. ಎರಡನೇ ವರ್ಷಕ್ಕೆ ಅದು ಶೇ 36ಕ್ಕೆ ಇಳಿದದ್ದನ್ನೂ ಹೇಳಬೇಕು.

ಇಲ್ಲಿ ಪಥ್ಯ ಸೋಲುವುದಕ್ಕೆ ದೇಹದ ಹಟವಲ್ಲದೆ ಇನ್ನೊಂದು ಕಾರಣವೂ ಉಂಟು. ಬರೆದುಕೊಡುವ ಚೀಟಿ ನಮ್ಮ ಅಡುಗೆಮನೆಯದಲ್ಲ. ಓಟ್ಸ್, ಆಲಿವ್ ಎಣ್ಣೆ, ಬ್ರೊಕೊಲಿ ಎಂದು ಬರೆದರೆ ರಾಣೆಬೆನ್ನೂರಿನ ಸಂತೆಗೆ ಹೋದವರು ಏನು ಮಾಡಬೇಕು? ಈ ಸೀಮೆಯ ಊಟದಲ್ಲಿ ಪಥ್ಯ ಆಗಲೇ ಅಡಗಿದೆ: ಹಸಿ ಮೆಂತೆಸೊಪ್ಪು, ಸವತೆಕಾಯಿ, ಮೊಳಕೆ ಬಂದ ಮಡಕಿಕಾಳಿನ ಪಲ್ಯ, ಹೆಸರುಕಾಳು, ಮಜ್ಜಿಗೆ. ಹಾಗೆಂದು ಜೋಳದ ರೊಟ್ಟಿ ಎಷ್ಟು ತಿಂದರೂ ದಪ್ಪಾಗುವುದಿಲ್ಲ ಎಂದು ನಂಬುವುದೂ ಸಲ್ಲ. ತೂಕಕ್ಕೆ ತೂಕ ಜೋಳದಲ್ಲೂ ಅಕ್ಕಿಯಲ್ಲೂ ಕ್ಯಾಲೊರಿ ಹೆಚ್ಚುಕಡಿಮೆ ಒಂದೇ. ನಾರು ಹೆಚ್ಚಿರುವುದರಿಂದ ರೊಟ್ಟಿ ಬೇಗ ಹೊಟ್ಟೆ ತುಂಬಿಸುತ್ತದೆ, ಅಷ್ಟೇ. ರೊಟ್ಟಿಯ ಮೇಲೆ ಸುರಿಯುವ ಶೇಂಗಾ ಚಟ್ನಿ, ಎಣ್ಣೆಗಾಯಿಯ ಎಣ್ಣೆ, ಸಂಜೆಯ ಮಿರ್ಚಿ ಮಂಡಕ್ಕಿ, ಸವಣೂರು ಖಾರಾ, ಇವುಗಳನ್ನು ಯಾರೂ ಊಟದ ಲೆಕ್ಕಕ್ಕೆ ಹಿಡಿಯುವುದಿಲ್ಲ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 560 ಕ್ಯಾಲೊರಿ ಇದೆ. ಖಾರ ತಿಂದರೆ ಕೊಬ್ಬು ಕರಗುತ್ತದೆ ಎಂಬ ಮೊಬೈಲ್ ಪಾಂಡಿತ್ಯಕ್ಕೆ ಬ್ಯಾಡಗಿಯವರಾದರೂ ನಗಬೇಕು. ಅವರ ಮೆಣಸಿನಕಾಯಿ ಹೆಸರಾದದ್ದು ಬಣ್ಣಕ್ಕೆ, ಖಾರಕ್ಕಲ್ಲ.

ಆಪರೇಷನ್ ವಿರುದ್ಧ ಕೇಳಿಬರುವ ಆಕ್ಷೇಪಗಳಲ್ಲಿ ಕೆಲವು ಗಟ್ಟಿ, ಕೆಲವು ಜೊಳ್ಳು. ಸತ್ತೇ ಹೋಗುತ್ತಾರೆ ಎಂಬ ಭಯಕ್ಕೆ 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡ 21 ವರ್ಷದ ಕಿರುತೆರೆ ನಟಿಯ ಉದಾಹರಣೆ ಕೊಡುತ್ತಾರೆ. ಅದು ಅಂದಕ್ಕಾಗಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆ. ಜಠರದ ಆಪರೇಷನ್ನಿಗೂ ಅದಕ್ಕೂ ಸಂಬಂಧವಿಲ್ಲ, ಅದು ಬೊಜ್ಜಿನ ಕಾಯಿಲೆಗೆ ಮದ್ದೂ ಅಲ್ಲ. ಹಾಗೆಂದು ಜಠರದ ಆಪರೇಷನ್ ಅಪಾಯವಿಲ್ಲದ್ದಲ್ಲ. 2024ರ ಏಪ್ರಿಲ್‌ನಲ್ಲಿ ಪುದುಚೇರಿಯ 26 ವರ್ಷದ ಯುವಕ ಚೆನ್ನೈಗೆ ಇದೇ ಚಿಕಿತ್ಸೆಗೆ ಹೋಗಿ ಪ್ರಾಣ ಕಳೆದುಕೊಂಡ. ಅಮೆರಿಕದ ನುರಿತ ಕೇಂದ್ರಗಳಲ್ಲಿ 4,776 ರೋಗಿಗಳನ್ನು ಗಮನಿಸಿದಾಗ ಮೂವತ್ತು ದಿನದೊಳಗೆ ತೀರಿಕೊಂಡವರು ಶೇ 0.3. ನುರಿತ ಕೈ ಎಂಬ ಮಾತನ್ನು ಇಲ್ಲಿ ಮರೆಯುವಂತಿಲ್ಲ. ಆಪರೇಷನ್ ಎಂದರೆ ಅಡ್ಡದಾರಿ ಎಂಬುದು ಜೊಳ್ಳು ಆಕ್ಷೇಪ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರನ್ನು ಯಾರೂ ಅಡ್ಡದಾರಿ ಹಿಡಿದವರು ಎನ್ನುವುದಿಲ್ಲ. ಗಟ್ಟಿಯಾದದ್ದು ಇನ್ನೊಂದು: ಸ್ಲೀವ್‌ನಲ್ಲಿ ತೆಗೆದ ಜಠರ ಮರಳಿ ಬರುವುದಿಲ್ಲ. ಅದಕ್ಕೇ ಮದುವೆಗೆ ಮೊದಲು ಮಗಳು ತೆಳ್ಳಗಾಗಲಿ ಎಂಬ ಆಸೆಯಿಂದ ಆಪರೇಷನ್ ವಿಚಾರಿಸುವ ತಂದೆತಾಯಿಗೆ ಇಲ್ಲ ಎಂದೇ ಹೇಳಬೇಕು. ಆಪರೇಷನ್ ಆದ ಮೇಲೆ ಒಂದರಿಂದ ಒಂದೂವರೆ ವರ್ಷ ಬಸುರಾಗಬಾರದು ಎಂಬ ವೈದ್ಯರ ಕಟ್ಟುಪಾಡನ್ನು ಮದುವೆಯಾದ ಮೂರನೇ ತಿಂಗಳಿಗೆ ಸಿಹಿಸುದ್ದಿ ಕೇಳುವ ಮನೆಗಳು ಪಾಲಿಸುತ್ತವೆಯೇ?

ನನ್ನ ದೊಡ್ಡ ಅನುಮಾನ ಆಪರೇಷನ್ ಟೇಬಲ್ಲಿನ ಬಗ್ಗೆ ಅಲ್ಲ, ಅದರ ನಂತರದ ವರ್ಷಗಳ ಬಗ್ಗೆ. ಬೋರ್‌ವೆಲ್ ಕೊರೆಸುವುದು ಒಂದು ರಾತ್ರಿಯ ಕೆಲಸ. ಮೋಟರು, ಕರೆಂಟು, ರಿಪೇರಿ ಮುಂದಿನ ಇಪ್ಪತ್ತು ವರ್ಷದ ಬಾಬತ್ತು. ಇದೂ ಹಾಗೆಯೇ. ಜಠರ, ಕರುಳಿನ ದಾರಿ ಬದಲಾದ ಮೇಲೆ ಬಿ12, ಕಬ್ಬಿಣ, ಕ್ಯಾಲ್ಸಿಯಂ, ವಿಟಮಿನ್ ಡಿ ಮೊದಲಿನಂತೆ ಮೈಗೆ ಹತ್ತುವುದಿಲ್ಲ. ಜೀವನಪರ್ಯಂತ ಮಾತ್ರೆ ನುಂಗಬೇಕು, ಆಗಾಗ ರಕ್ತ ಪರೀಕ್ಷಿಸಬೇಕು, ದಿನಕ್ಕೆ 60 ಗ್ರಾಮಿಗೂ ಹೆಚ್ಚು ಪ್ರೋಟೀನ್ ಪುಟ್ಟ ಹೊಟ್ಟೆಗೆ ಸೇರಿಸಬೇಕು. ಈ ಭಾಗದಲ್ಲಿ ಮೊಟ್ಟೆಯನ್ನೂ ಮುಟ್ಟದ ಮನೆಗಳು ಬಹಳ. ಬಿ12 ಸಿಗುವುದು ಹಾಲು ಮೊಸರಿನಿಂದ ಮಾತ್ರ. ರಾಜ್ಯದ ಮಹಿಳೆಯರಲ್ಲಿ ಶೇ 47.8 ಮಂದಿಗೆ ಆಪರೇಷನ್ನಿಗೆ ಮೊದಲೇ ರಕ್ತಹೀನತೆ ಇದೆ. ಬಿ12 ಕೊರತೆ ನಿಧಾನವಾಗಿ ಬರುತ್ತದೆ: ಪಾದ ಜುಮ್ಮೆನ್ನುವುದು, ಮರೆವು, ನಡಿಗೆ ತಪ್ಪುವುದು. ಅದನ್ನು ವಯಸ್ಸಾಯಿತು, ಶುಗರ್ ಇದೆ ಎಂದು ತಳ್ಳಿಹಾಕುವುದು ಸುಲಭ. ತಡವಾದರೆ ನರಕ್ಕಾದ ಹಾನಿ ಪೂರ್ತಿ ಸರಿಯಾಗದೆಯೂ ಹೋಗಬಹುದು. ಬೆಂಗಳೂರಿನಲ್ಲಿ ಆಪರೇಷನ್ ಮಾಡಿಸಿಕೊಂಡವರಿಗೆ ಮೊದಲ ವರ್ಷ ಉತ್ಸಾಹ ಇರುತ್ತದೆ, 300 ಕಿಲೋಮೀಟರಿಗೂ ಹೆಚ್ಚು ದಾರಿ ದೂರ ಅನ್ನಿಸುವುದಿಲ್ಲ. ಐದನೇ ವರ್ಷ ಬಿತ್ತನೆ ಇರುತ್ತದೆ, ಮಗಳ ಪರೀಕ್ಷೆ ಇರುತ್ತದೆ, ಮೈ ಹಗುರಾಗಿರುತ್ತದೆ, ಯಾರು ಹೋಗುತ್ತಾರೆ? ಬಹಳ ಮಂದಿಗೆ ತೂಕ ಸ್ವಲ್ಪ ಸ್ವಲ್ಪ ಮರಳಿ ಏರತೊಡಗುವುದೂ ಈ ವರ್ಷಗಳಲ್ಲೇ. ಹುಬ್ಬಳ್ಳಿಯೋ ದಾವಣಗೆರೆಯೋ ಆದರೆ ಬೆಳಿಗ್ಗೆ ಹೋಗಿ ಸಂಜೆ ಬರಬಹುದು. ಹೆಸರಾಂತ ಆಸ್ಪತ್ರೆಗಿಂತ ಮತ್ತೆ ಮತ್ತೆ ಹೋಗಿಬರಲು ಆಗುವ ಆಸ್ಪತ್ರೆ ಮೇಲು ಎನ್ನಲು ನನಗೆ ಅಳುಕಿಲ್ಲ.

ಈಗ ಇಂಜೆಕ್ಷನ್ ಬಂದಿದೆಯಲ್ಲ, ಎರಡರ ಗೊಡವೆಯೂ ಯಾಕೆ ಎಂದು ಕೇಳುವವರಿದ್ದಾರೆ. ಟಿರ್ಜೆಪಟೈಡ್ 2025ರ ಮಾರ್ಚ್‌ನಲ್ಲಿ, ತೂಕ ಇಳಿಸುವ ಪ್ರಮಾಣದ ಸೆಮಾಗ್ಲುಟೈಡ್ ಅದೇ ವರ್ಷದ ಜೂನ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂದವು. ಸೆಮಾಗ್ಲುಟೈಡ್ 68 ವಾರದಲ್ಲಿ ಸರಾಸರಿ ಶೇ 15ರಷ್ಟು ತೂಕ ಇಳಿಸಿತು. ನಿಲ್ಲಿಸಿದ ಒಂದು ವರ್ಷದಲ್ಲಿ ಮೂರರಲ್ಲಿ ಎರಡು ಪಾಲು ಮರಳಿ ಬಂತು. ನಡುವಿನ ತೂಕದವರಿಗೆ ಇದು ಒಳ್ಳೆಯ ದಾರಿಯಾಗಬಹುದು, ಆದರೆ ಇದೂ ನಿಲ್ಲಿಸಲಾಗದ ಖರ್ಚು. ಆಪರೇಷನ್ನಿನ ಖರ್ಚಿನ ಮಾತು ಬಂದರೆ, ಖಾಸಗಿಯಲ್ಲಿ ಅದು ಲಕ್ಷಗಳ ಲೆಕ್ಕ. ವಿಮೆ ಇದ್ದವರು ಗಮನಿಸಬೇಕಾದ್ದು ಇಷ್ಟು: ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಂತೆ ಬಿಎಂಐ 40, ಇಲ್ಲವೇ ಹೃದಯದ ತೊಂದರೆ, ತೀವ್ರ ಉಸಿರುಕಟ್ಟು, ಹತೋಟಿಗೆ ಬಾರದ ಶುಗರ್ ಇದ್ದು ಬಿಎಂಐ 35 ಇರಬೇಕು, ವೈದ್ಯರ ಸಲಹೆ ಇರಬೇಕು, ಬೇರೆ ವಿಧಾನಗಳು ಸೋತಿರಬೇಕು. ಶಸ್ತ್ರವೈದ್ಯರು 27.5ಕ್ಕೇ ಬನ್ನಿ ಎಂದರೂ ವಿಮೆ 35ರವರೆಗೆ ಕೈ ಬಿಚ್ಚುವುದಿಲ್ಲ. ನಡುವಿನವರು ಹೊಲ ಅಡವಿಟ್ಟು ಹೋಗಬೇಕು. ಹೋಗಬಾರದು ಎಂಬುದೇ ನನ್ನ ಮಾತು.

ಬಿಎಂಐ 35 ದಾಟಿ, ಶುಗರ್ ಹತೋಟಿಗೆ ಬಾರದೆ, ಒಂದೆರಡು ಸಲ ಪ್ರಾಮಾಣಿಕವಾಗಿ ಪಥ್ಯ ಮಾಡಿಯೂ ಸೋತವರು ಆಪರೇಷನ್ನಿಗೆ ನಾಚಬೇಕಾಗಿಲ್ಲ, ತಡಮಾಡಲೂ ಬಾರದು. ಅದಕ್ಕಿಂತ ಕೆಳಗಿರುವವರಿಗೆ ಊಟ, ನಡಿಗೆ, ಬೇಕಾದರೆ ವೈದ್ಯರು ಕೊಡುವ ಔಷಧ ಸಾಕು. ಮೊದಲ ಸಾಲಿನವರಿಗೂ ಒಂದು ಷರತ್ತು ಉಂಟು. ಶಸ್ತ್ರವೈದ್ಯರ ಹತ್ತಿರ ಹೋಗುವ ಮುನ್ನ ನಿಮ್ಮ ಊರಲ್ಲಿ, ಹಾವೇರಿಯೋ ರಾಣೆಬೆನ್ನೂರೋ ಬ್ಯಾಡಗಿಯೋ, ಬಿ12 ಪರೀಕ್ಷೆ ಎಲ್ಲಿ ಆಗುತ್ತದೆ, ಎಷ್ಟು ಹಣ, ಫಲಿತಾಂಶ ನೋಡಿ ಮಾತ್ರೆ ಬದಲಿಸಬಲ್ಲ ವೈದ್ಯರು ಯಾರು ಎಂಬುದನ್ನು ವಿಚಾರಿಸಿ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಆ ಹಾಳೆ ತುಂಬದಿದ್ದರೆ ಆಪರೇಷನ್ ದಿನಾಂಕ ಮುಂದೂಡಿ.