ಕಾರು ನಡುಗಿದರೆ, ಕಾರು ಬಡಿದರೆ



ಈ ಸಲ ಬಂದ ಕಾಗದಗಳಲ್ಲಿ ಒಂದಕ್ಕೆ ಇಡೀ ಪುಟವನ್ನೇ ಕೊಡಬೇಕು ಅನ್ನಿಸಿತು. ಬರೆದ ಸೋದರಿಯ ಹೆಸರು, ಊರು ಬೇಡ. ಅವರ ಮಾತಿನಲ್ಲೇ ಕೇಳಿ:

"ನಮ್ಮವರು ತೀರಿಕೊಂಡು ಎರಡು ವರ್ಷವಾಯಿತು. ಅವರು ಬಿಟ್ಟುಹೋದ 1997ರ ಮಾರುತಿ 800 ಇದೆ. ಅವರಿದ್ದಾಗಲೇ ನಾನು ಓಡಿಸಲು ಕಲಿತಿದ್ದೆ. ಅತ್ತೆಯವರನ್ನು ತಿಂಗಳಿಗೆ ಎರಡು ಸಲ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು ಇದರಲ್ಲೇ. ಮೂರು ತಿಂಗಳಿಂದ ರೈಲ್ವೆ ಗೇಟಿನಲ್ಲಿ ನಿಂತರೆ ಕಾರೆಲ್ಲ ನಡುಗುತ್ತದೆ. ಏರು ಹತ್ತುವಾಗ ಟಣಟಣ ಅನ್ನುತ್ತದೆ. ಗ್ಯಾರೇಜಿನವರು 'ಎಂಜಿನ್ ಇಳಿಸಬೇಕಮ್ಮ, ಮೂವತ್ತು ಸಾವಿರ ಆಗುತ್ತೆ' ಅಂದರು. ಮೈದುನ 'ಗುಜರಿಗೆ ಹಾಕಿಬಿಡಿ ಅತ್ತಿಗೆ' ಅನ್ನುತ್ತಾರೆ. ನನಗೆ ಎರಡಕ್ಕೂ ಮನಸ್ಸಿಲ್ಲ. ಏನು ಮಾಡಲಿ?"

ಅವಸರ ಮಾಡಬೇಡಿ, ತಂಗಿ. ನಡುಕ ಒಂದು ದೂರು, ಬಡಿತ ಇನ್ನೊಂದು ದೂರು. ಎರಡನ್ನೂ ಒಂದೇ ಗಂಟು ಕಟ್ಟಿ 'ಎಂಜಿನ್ ಹೋಯಿತು' ಅನ್ನುವುದು, ಕೆಮ್ಮು ತಲೆನೋವು ಒಟ್ಟಿಗೆ ಬಂತೆಂದು ಆಪರೇಷನ್ನಿಗೆ ಹೊರಟಂತೆ. ಮೊದಲು ಕಿವಿಗೊಟ್ಟು ಕೇಳಬೇಕು, ಆಮೇಲೆ ಅಗ್ಗದ ಕೆಲಸಗಳನ್ನು ಒಂದೊಂದಾಗಿ ಮುಗಿಸಬೇಕು. ಎಂಜಿನ್ ಬಿಚ್ಚುವ ಮಾತು ಕಟ್ಟಕಡೆಗೆ.

<b>ನಡುಕ ಎಲ್ಲಿಂದ?</b>

ಮಾರುತಿ 800 ಬಂದದ್ದು 1983ರಲ್ಲಿ, ತಯಾರಿಕೆ ನಿಂತದ್ದು 2014ರಲ್ಲಿ. ಅದರ 796 ಸಿಸಿ ಎಂಜಿನ್ನಿಗೆ ಇರುವುದು ಮೂರೇ ಸಿಲಿಂಡರು. ಮೂವರು ಹೆಂಗಸರು ಒಂದೇ ಒರಳಿನಲ್ಲಿ ಒನಕೆ ಹಾಕಿ ಕುಟ್ಟುವುದನ್ನು ನೆನೆಸಿಕೊಳ್ಳಿ. ಒಬ್ಬರಾದ ಮೇಲೆ ಒಬ್ಬರ ಪೆಟ್ಟು ಬೀಳುತ್ತಿರುವಾಗ ಒಬ್ಬಾಕೆ ಕೈ ಬಿಟ್ಟರೆ ಲಯವೇ ತಪ್ಪುತ್ತದಲ್ಲವೇ? ಒಂದು ಸಿಲಿಂಡರಿನಲ್ಲಿ ಪೆಟ್ರೋಲು ಉರಿಯದಿದ್ದರೂ ಹಾಗೆಯೇ. ಗ್ಯಾರೇಜಿನಲ್ಲಿ ಇದಕ್ಕೇ 'ಮಿಸ್ಸಿಂಗ್ ಹೊಡೀತಿದೆ' ಅನ್ನುವುದು. ವೇಗದಲ್ಲಿ ಹೋಗುವಾಗ ಅಷ್ಟಾಗಿ ತಿಳಿಯುವುದಿಲ್ಲ, ನಿಂತಾಗ ಸ್ಟೇರಿಂಗು, ಸೀಟು, ಕಿಟಕಿಯ ಗಾಜು ಎಲ್ಲ ಅಲ್ಲಾಡುತ್ತವೆ. ಮೂರು ಸಿಲಿಂಡರಿನ ಕಾರು ಹೊಸದಿದ್ದಾಗಲೂ ಸ್ವಲ್ಪ ನಡುಗುವುದೇ. ಮೊದಲಿಗಿಂತ ಹೆಚ್ಚಾಗಿದೆಯೇ ಎಂಬುದಷ್ಟೇ ಪ್ರಶ್ನೆ.

ಕಾರಣಗಳನ್ನು ಅಗ್ಗದಿಂದ ದುಬಾರಿಗೆ ಈ ಸಾಲಿನಲ್ಲಿ ನೋಡಿಸಿ:

1. ಸ್ಪಾರ್ಕ್ ಪ್ಲಗ್. ಮೂರನ್ನೂ ಬಿಚ್ಚಿಸಿ ನಿಮ್ಮ ಕಣ್ಣಿನಿಂದಲೇ ನೋಡಿ. ತುದಿ ಬಿಸ್ಕತ್ತಿನ ಬಣ್ಣಕ್ಕಿದ್ದರೆ ಆರೋಗ್ಯ. ಒಣ ಮಸಿ ಹಿಡಿದಿದ್ದರೆ ಪೆಟ್ರೋಲು ಹೆಚ್ಚು ಹೋಗುತ್ತಿದೆ, ಇಲ್ಲವೇ ಕಿಡಿ ಸರಿಯಾಗಿ ಬರುತ್ತಿಲ್ಲ. ಬೆಳ್ಳಗೆ ಸುಟ್ಟಂತಿದ್ದರೆ ಪೆಟ್ರೋಲು ಸಾಲದು, ಇಲ್ಲವೇ ಎಂಜಿನ್ ಕಾಯುತ್ತಿದೆ. ಎಣ್ಣೆಯಿಂದ ಒದ್ದೆಯಾಗಿ ಕಪ್ಪಾಗಿದ್ದರೆ ಮಾತ್ರ ಒಳಗಿನ ಕಾಯಿಲೆಯ ಗುಮಾನಿ ಪಡಬೇಕು.

2. ಪ್ಲಗ್ಗಿನ ವೈರು, ಡಿಸ್ಟ್ರಿಬ್ಯೂಟರ್ ಮುಚ್ಚಳ, ಹಳೆಯ ಮಾದರಿಯಾದರೆ ಪಾಯಿಂಟು. ಮಳೆಗಾಲದ ಬೆಳಿಗ್ಗೆ ಮಾತ್ರ ನಡುಗುತ್ತದೆಯೇ? ಹಾಗಾದರೆ ಮುಚ್ಚಳದಲ್ಲಿ ಬಿರುಕು ಬಿಟ್ಟು ತೇವ ಸೇರಿರಬಹುದು.

3. ಏರ್ ಫಿಲ್ಟರ್. ಧೂಳಿನ ರಸ್ತೆಯ ಊರುಗಳಲ್ಲಿ ಇದು ಬಲು ಬೇಗ ಕಟ್ಟುತ್ತದೆ. ಹಿಟ್ಟು ಸಾಣಿಸುವ ಜರಡಿ ಕಟ್ಟಿದಂತೆ.

4. ಗಾಳಿಯ ರಬ್ಬರ್ ಪೈಪುಗಳು. ಹಳತಾಗಿ ಬಿರುಕುಬಿಟ್ಟರೆ ಬೇಡದ ಗಾಳಿಯನ್ನು ಎಳೆಯುತ್ತವೆ. ಬಾನೆಟ್ಟಿನಡಿ 'ಸುಸ್' ಎಂಬ ಸದ್ದು ಕೇಳಿಸುತ್ತದೆ.

5. ಕಾರ್ಬುರೇಟರ್. ಐಡ್ಲಿಂಗ್ ಜೆಟ್ಟಿನಲ್ಲಿ ಕಸ ಕೂತರೆ ನಿಂತಾಗ ನಡುಗುತ್ತದೆ, ಆಕ್ಸಿಲರೇಟರ್ ಒತ್ತಿದರೆ ಸರಿಹೋಗುತ್ತದೆ. ಬಿಚ್ಚಿ ತೊಳೆದು, ಟ್ಯೂನ್ ಮಾಡಿಸಿದರೆ ಆಯಿತು.

6. ಎಂಜಿನ್ ಕೂತಿರುವ ರಬ್ಬರ್ ಮೌಂಟಿಂಗ್. ಎಂಜಿನ್ನಿನ ಸದ್ದು ಒಂದೇ ಸಮ ಇದ್ದು ಕಾರು ಮಾತ್ರ ಅದುರುತ್ತಿದ್ದರೆ ಇದೇ.

ಪೆಟ್ರೋಲಿನ ವಿಷಯವನ್ನೂ ಒಂದಿಷ್ಟು ಹೇಳಬೇಕು. 2025ರ ಹೊತ್ತಿಗೆ ನಮ್ಮ ಬಂಕುಗಳಲ್ಲಿ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಬಂದಿದೆ. ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ ಮಿಶ್ರಣ ತೆಳುವಾಗುತ್ತದೆ. ಹೊಸ ಕಾರು ತಾನೇ ಸರಿಮಾಡಿಕೊಳ್ಳುತ್ತದೆ. ಕಾರ್ಬುರೇಟರ್ ಕಾರಿಗೆ ಆ ಬುದ್ಧಿ ಇಲ್ಲ, ನಾವೇ ಟ್ಯೂನ್ ಮಾಡಿಸಬೇಕು. ಹಳೆಯ ರಬ್ಬರಿಗೂ ಎಥನಾಲ್ ಆಗಿಬರುವುದಿಲ್ಲ. ಪೆಟ್ರೋಲ್ ಪೈಪು ಮೆತ್ತಗಾಗಿದೆಯೇ, ಜಿನುಗುತ್ತಿದೆಯೇ ನೋಡಿಸಿ. ಜಿನುಗಿದರೆ ಬೆಂಕಿಯ ಭಯ. ಎಥನಾಲ್ ನೀರನ್ನೂ ಹೀರುತ್ತದೆ. ಆದ್ದರಿಂದ ತಿಂಗಳುಗಟ್ಟಲೆ ಕಾರು ನಿಲ್ಲಿಸಿಡಬೇಡಿ, ವಾರಕ್ಕೊಮ್ಮೆಯಾದರೂ ಒಂದು ಸುತ್ತು ಹಾಕಿಸಿ.

<b>ಬಡಿತ ಎಂಥದು?</b>

ಬಡಿತದಲ್ಲಿ ಮುಖ್ಯವಾಗಿ ಮೂರು ಬಗೆ. ಕುಕ್ಕರಿನ ಸದ್ದು ಕೇಳಿಯೇ ಒಳಗೆ ನೀರಿದೆಯೋ ಇಲ್ಲವೋ ಹೇಳುವ ನಮಗೆ ಇದೇನೂ ಕಷ್ಟವಲ್ಲ.

ಮೊದಲನೆಯದು ಟಿಕ್ ಟಿಕ್. ಹೊಲಿಗೆ ಯಂತ್ರದಂತೆ ಹಗುರವಾಗಿ ಎಂಜಿನ್ನಿನ ಮೇಲ್ಭಾಗದಿಂದ ಬರುತ್ತದೆ. ಇದು ಟ್ಯಾಪೆಟ್ ಸದ್ದು. ಸಂದು ಅಳೆದು ಸರಿಮಾಡಿಸಿದರೆ ಮುಗಿಯಿತು. ಆದರೆ ಆಯಿಲ್ ಕಡಿಮೆಯಾದಾಗಲೂ ಇದೇ ಸದ್ದು ಬರುತ್ತದೆ. ಆದ್ದರಿಂದ ಮೊದಲು ಆಯಿಲ್ ನೋಡಿ.

ಎರಡನೆಯದು ಟಣಟಣ. ಸ್ಟೀಲ್ ಡಬ್ಬಿಯಲ್ಲಿ ಚಿಲ್ಲರೆ ಹಾಕಿ ಕುಲುಕಿದಂತೆ. ನಿಂತಾಗ ಇರುವುದಿಲ್ಲ, ಏರು ಹತ್ತುವಾಗ, ಭಾರ ಎಳೆಯುವಾಗ ಮಾತ್ರ ಬರುತ್ತದೆ. ಸಿಲಿಂಡರಿನ ಒಳಗೆ ಪೆಟ್ರೋಲು ಗಾಳಿಯ ಮಿಶ್ರಣ ಒಂದೇ ಸಮ ಉರಿಯದೆ ಒಂದು ಮೂಲೆಯಲ್ಲಿ ತಾನಾಗಿ ಸಿಡಿಯುವುದೇ ಇದಕ್ಕೆ ಕಾರಣ. ಕಿಡಿಯ ಟೈಮಿಂಗ್ ಮುಂದಾಗಿರಬಹುದು, ಒಳಗೆ ಇಂಗಾಲ ಕಟ್ಟಿರಬಹುದು, ಎಂಜಿನ್ ಅತಿಯಾಗಿ ಕಾಯುತ್ತಿರಬಹುದು, ಮಿಶ್ರಣ ತೆಳುವಾಗಿರಬಹುದು. ಎಷ್ಟೋ ಸಲ ತಪ್ಪು ನಮ್ಮ ಗೇರಿನದೇ. ಮೂರನೇ ಗೇರಿನಲ್ಲೇ ಏರು ಹತ್ತಿಸಬೇಡಿ, ಎರಡಕ್ಕೆ ಇಳಿಸಿ. ಸದ್ದು ನಿಂತರೆ ಇದೇ ಎಂದು ತಿಳಿಯಿರಿ. ಹಾಗೆಂದು ವರ್ಷಗಟ್ಟಲೆ ಬಿಟ್ಟರೆ ಪಿಸ್ಟನ್ನಿಗೆ ಪೆಟ್ಟು, ಟೈಮಿಂಗ್ ಸರಿಮಾಡಿಸಲೇಬೇಕು.

ಮೂರನೆಯದು ದಬ್ ದಬ್. ಮರದ ಬಾಗಿಲನ್ನು ಮುಷ್ಟಿಯಿಂದ ಗುದ್ದಿದಂತೆ ಎಂಜಿನ್ನಿನ ಕೆಳಭಾಗದಿಂದ ಬರುತ್ತದೆ. ಎಂಜಿನ್ ವೇಗ ಏರಿದಷ್ಟೂ ಸದ್ದು ಏರುತ್ತದೆ. ಇದು ಬೇರಿಂಗ್ ಸವೆದ ಲಕ್ಷಣ. ಇದರ ಜೊತೆ ಮೀಟರಿನಲ್ಲಿ ಆಯಿಲ್ಲಿನ ಕೆಂಪು ದೀಪ ಹತ್ತಿದರೆ, 'ಮನೆಗೆ ಎರಡೇ ಮೈಲಿ' ಅನ್ನಬೇಡಿ. ಅಲ್ಲೇ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ, ಎಳೆಸಿಕೊಂಡು ಹೋಗಿ. ಆ ಎರಡು ಮೈಲಿಯೇ ಎಂಜಿನ್ನನ್ನು ಪೂರ್ತಿ ಕೆಡಿಸುತ್ತದೆ.

ಕಾಗದ ಬರೆದ ಸೋದರಿಯ ಕಾರು ಏರಿನಲ್ಲಿ ಮಾತ್ರ ಟಣಟಣ ಅನ್ನುತ್ತದೆ, ನಿಂತಾಗ ನಡುಗುತ್ತದೆ. ಕಾಗದದಲ್ಲಿ ಹೇಳಿದ್ದಷ್ಟನ್ನು ನೋಡಿದರೆ, ಎಂಜಿನ್ ಇಳಿಸಲು ಇದು ಸಾಕಾದ ಕಾರಣವಲ್ಲ. ಪ್ಲಗ್, ಕಾರ್ಬುರೇಟರ್, ಟೈಮಿಂಗ್ ಮೊದಲು ಆಗಲಿ.

<b>ಎಂಜಿನ್ ಇಳಿಸುವ ಮುಂಚೆ</b>

ಆಮೇಲೂ ಗ್ಯಾರೇಜಿನವರು ಅದೇ ಮಾತು ಹೇಳಿದರೆ, "ಕಂಪ್ರೆಷನ್ ನೋಡಿ ಹೇಳಿ" ಅನ್ನಿ. ಪ್ಲಗ್ ಇರುವ ತೂತಿಗೆ ಒಂದು ಮೀಟರು ಇಟ್ಟು ಸೆಲ್ಫ್ ಹೊಡೆದು ಒತ್ತಡ ಅಳೆಯುವ ಪರೀಕ್ಷೆ ಅದು. ಎಂಜಿನ್ ಬಿಚ್ಚಬೇಕಾಗಿಲ್ಲ. ಮೂರು ಸಿಲಿಂಡರಿನ ಅಂಕಿಯನ್ನೂ ಬರೆಸಿಕೊಳ್ಳಿ. ಮೂರೂ ಹೆಚ್ಚುಕಡಿಮೆ ಒಂದೇ ಇದ್ದು, ಕಂಪೆನಿ ಹೇಳಿದ ಅಳತೆಗೆ ಹತ್ತಿರವಿದ್ದರೆ ಬೋರು, ರಿಂಗು ಚೆನ್ನಾಗಿವೆ. ಒಂದರಲ್ಲಿ ತೀರಾ ಕಡಿಮೆ ಬಂದರೆ ಅದರೊಳಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆಯುತ್ತಾರೆ. ಅಂಕಿ ಏರಿದರೆ ರಿಂಗಿನ ಸವೆತ. ಏರದಿದ್ದರೆ ವಾಲ್ವು ಅಥವಾ ಗ್ಯಾಸ್ಕೆಟ್ ದೋಷ. ವಾಲ್ವಿನ ಕೆಲಸಕ್ಕೆ ಮೇಲಿನ ಹೆಡ್ಡು ಬಿಚ್ಚಿದರೆ ಸಾಕು, ಇಡೀ ಎಂಜಿನ್ ಇಳಿಸಬೇಕಾಗಿಲ್ಲ. ದಬ್ ದಬ್ ಎಂಬ ಬೇರಿಂಗ್ ಸದ್ದು ಮಾತ್ರ ಈ ಮೀಟರಿಗೆ ಸಿಕ್ಕುವುದಿಲ್ಲ. ಅದಕ್ಕೆ ಆಯಿಲ್ಲಿನ ಒತ್ತಡ ಅಳೆಸಬೇಕು.

<b>ನೀವೇ ಮಾಡಬಹುದಾದದ್ದು</b>

ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿ ಐದು ನಿಮಿಷ ಬಿಡಿ. ಡಿಪ್‌ಸ್ಟಿಕ್ ಎಳೆದು ಹಳೇ ಬಟ್ಟೆಯಿಂದ ಒರೆಸಿ, ಪೂರ್ತಿ ಒಳಗಿಟ್ಟು ಮತ್ತೆ ಎಳೆಯಿರಿ. ಆಯಿಲ್ ಎರಡು ಗುರುತುಗಳ ನಡುವೆ ಇರಬೇಕು. ಹಾಲು ಬೆರೆಸಿದ ಕಾಫಿಯ ಬಣ್ಣಕ್ಕಿದ್ದರೆ ನೀರು ಸೇರಿದೆ ಎಂದರ್ಥ, ಆಗ ಕಾರು ಓಡಿಸಬೇಡಿ.

ಎಚ್ಚರಿಕೆಯ ಮಾತುಗಳನ್ನು ಮರೆಯಬೇಡಿ. ಎಂಜಿನ್ ಓಡುತ್ತಿರುವಾಗ ಬಾನೆಟ್ಟಿನ ಮೇಲೆ ಬಗ್ಗಬೇಡಿ. ಸೆರಗು, ಜಡೆ, ಬಳೆ ಬೆಲ್ಟಿಗೆ ಸಿಕ್ಕರೆ ಕೈ ಉಳಿಯುವುದಿಲ್ಲ. ಪ್ಲಗ್ಗಿನ ವೈರು ಎಳೆದು ನೋಡುವ ಕೆಲಸ ಮೆಕ್ಯಾನಿಕ್ಕಿಗೇ ಇರಲಿ, ಅದರಲ್ಲಿ ಸಾವಿರಾರು ವೋಲ್ಟ್ ಹರಿಯುತ್ತದೆ. ಬಿಸಿಯಿರುವ ರೇಡಿಯೇಟರಿನ ಮುಚ್ಚಳ ತೆಗೆಯಬೇಡಿ. ಬಾಗಿಲು ಹಾಕಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಲೇಬೇಡಿ, ವಾಸನೆಯೇ ಇಲ್ಲದ ವಿಷಗಾಳಿ ತುಂಬುತ್ತದೆ.

ಗ್ಯಾರೇಜಿಗೆ ಹೋಗುವ ಮುಂಚೆ ಒಂದು ಚೀಟಿಯಲ್ಲಿ ಹೀಗೆ ಬರೆದುಕೊಳ್ಳಿ: ಸದ್ದು ನಿಂತಾಗಲೋ, ಏರಿನಲ್ಲೋ? ಬೆಳಿಗ್ಗೆ ತಣ್ಣಗಿದ್ದಾಗಲೋ, ಕಾದ ಮೇಲೋ? ಮೇಲಿನಿಂದಲೋ, ಕೆಳಗಿನಿಂದಲೋ? ಯಾವಾಗಿಂದ? ಹೊಗೆ ಬರುತ್ತಿದ್ದರೆ ಯಾವ ಬಣ್ಣ? ನೀಲಿಯಾದರೆ ಆಯಿಲ್ ಉರಿಯುತ್ತಿದೆ, ಕಪ್ಪಾದರೆ ಪೆಟ್ರೋಲು ಹೆಚ್ಚು. ಬದಲಿಸಿದ ಹಳೆಯ ಸಾಮಾನನ್ನು ವಾಪಸು ಕೇಳಿ, ಬಿಲ್ಲು ಜೋಪಾನ ಮಾಡಿ. ಚೀಟಿ ಹಿಡಿದು ಬಂದ ಹೆಂಗಸಿಗೆ ಯಾವ ಮೆಕ್ಯಾನಿಕ್ಕೂ ಸುಮ್ಮನೆ 'ಎಂಜಿನ್ ಇಳಿಸಬೇಕು' ಅನ್ನಲಾರ.

ಮುಂದಿನ ಸಂಚಿಕೆಯಲ್ಲಿ, ಚಳಿಗಾಲದ ಬೆಳಿಗ್ಗೆ ಸ್ಟಾರ್ಟ್ ಆಗದ ಬ್ಯಾಟರಿಯ ವಿಚಾರ.