ಎರಡು ದಿನ, ಒಂದು ಬೆಟ್ಟ

ಪ್ರವಾಸವು ಮನೆಯ ಹೊಸ್ತಿಲನ್ನು ದಾಟಿದ ಮೇಲೆ ಆರಂಭವಾಗುತ್ತದೆಂದು ತಿಳಿಯುವುದು ಲೋಕರೂಢಿ. ಪಟ್ಟಣವಾಸಿಯಾದ ಗೃಹಸ್ಥನ ಪ್ರವಾಸವಾದರೋ ಅದಕ್ಕೆ ಹದಿನೈದು ದಿನ ಮುಂಚೆಯೇ, ರಾತ್ರಿಯ ಊಟ ಮುಗಿದು ಕೈ ಒಣಗುವ ಹೊತ್ತಿನಲ್ಲಿ, ಗೋಡೆಯ ಕ್ಯಾಲೆಂಡರಿನ ಮುಂದೆ ಆರಂಭವಾಗಿರುತ್ತದೆ. ಶುಕ್ರವಾರ ರಾತ್ರಿಯ ಬಸ್ಸು ಒಂದು ದಡ, ಸೋಮವಾರ ಬೆಳಗಿನ ಕಚೇರಿ ಇನ್ನೊಂದು ದಡ. ಇವೆರಡರ ನಡುವಿನ ಇಕ್ಕಟ್ಟಿನಲ್ಲಿ ಇಡೀ ಮಲೆನಾಡನ್ನೇ ಹರಿಯಿಸಿಬಿಡಬೇಕೆಂಬುದು ಯಜಮಾನನ ಹಂಬಲ. ಹಂಬಲಕ್ಕೇನು, ಸುಂಕವಿಲ್ಲ. ಆದರೆ ಬೆಟ್ಟಕ್ಕೆ ತನ್ನದೇ ಆದ ಲೆಕ್ಕವೊಂದುಂಟು. ಆ ಲೆಕ್ಕವನ್ನು ಮನೆಯಲ್ಲಿ ಮಾಡದೆ ಹೊರಟವರಿಂದ ಅದು ಕಾಡಿನಲ್ಲಿ ಮಾಡಿಸುತ್ತದೆ.

ಬೆಂಗಳೂರಿನ ಅಂಥದೊಂದು ಸಂಸಾರವನ್ನು ಓದುಗರು ಕಲ್ಪಿಸಿಕೊಳ್ಳಲಿ. ಯಜಮಾನರು ಕಚೇರಿಯಲ್ಲಿ ಹಿರಿಯ ಹುದ್ದೆಯವರು. ಪಟ್ಟಿ ಬರೆಯುವುದರಲ್ಲಿ ನಿಷ್ಣಾತರು. ಅವರ ಪಟ್ಟಿಯಲ್ಲಿ ಶನಿವಾರಕ್ಕೆ ಶೃಂಗೇರಿ, ಕಿಗ್ಗ, ಸಿರಿಮನೆ ಜಲಪಾತ, ಆಗುಂಬೆಯ ಸೂರ್ಯಾಸ್ತ. ಭಾನುವಾರಕ್ಕೆ ಕೆರೆಕಟ್ಟೆಯ ಮಾರ್ಗವಾಗಿ ಕುದುರೆಮುಖ, ಅಲ್ಲಿ ಒಂದು ಶಿಖರಾರೋಹಣ, ಆಮೇಲೆ ಕಳಸ, ಹೊರನಾಡು, ರಾತ್ರಿಯ ಬಸ್ಸು. ಕಾಲೇಜಿನಲ್ಲಿ ಓದುವ ಮಗನು, “ಅಪ್ಪಾ, ಒಂದರ ಬದಲು ಎರಡು ಶಿಖರ ಹತ್ತಬಹುದಲ್ಲ?” ಎಂದು ಪಟ್ಟಿಗೆ ಇನ್ನೊಂದು ಸಾಲನ್ನು ಸೇರಿಸಿದನು. ಮಗಳು ಕ್ಯಾಮೆರಾದ ವಿಚಾರವನ್ನೆತ್ತಿದಳು. ಮನೆಯಾಕೆ ಪುಳಿಯೋಗರೆಯೋ ಚಪಾತಿಯೋ ಎಂಬ ವಿಚಾರದಲ್ಲಿ ಮಗ್ನಳಾದಳು.

ಮೂಲೆಯಲ್ಲಿ ಬತ್ತಿ ಹೊಸೆಯುತ್ತ ಕುಳಿತಿದ್ದ ಅಜ್ಜಿಯ ತೌರು ಕೊಪ್ಪದ ಕಡೆಯದು. ಎಲ್ಲವನ್ನೂ ಕೇಳಿದ ಮೇಲೆ ಆಕೆ ಒಂದೇ ಮಾತು ಕೇಳಿದರು: “ಹತ್ತುವುದೆಲ್ಲ ಗೊತ್ತಾಯಿತು ಮಾರಾಯ, ಇಳಿಯುವುದು ಎಷ್ಟು ಹೊತ್ತಿಗೆ?”

ಪಟ್ಟಿಯಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಶೃಂಗೇರಿಯಿಂದ ದಕ್ಷಿಣಕ್ಕೆ ಕಾರ್ಕಳದತ್ತ ಹೋಗುವ ಹೆದ್ದಾರಿಯಲ್ಲಿ ಸಿಗುವ ಕೆರೆಕಟ್ಟೆಯನ್ನು ಪ್ರವಾಸಿಗಳಲ್ಲಿ ಬಹುಮಂದಿ ಕಿಟಕಿಯಿಂದಷ್ಟೇ ಕಂಡಿರುತ್ತಾರೆ. ಸುತ್ತಲೂ ಕಾಡು, ನಡುವೆ ಕೆಲವು ಮನೆ, ಕೆಲವು ತೋಟ. ಮುಂದೆ ದಕ್ಷಿಣ ಕನ್ನಡದ ಹಳೆಯ ಗಡಿಯ ಹೆಸರನ್ನು ಇಂದಿಗೂ ಹೊತ್ತಿರುವ ಎಸ್.ಕೆ. ಬಾರ್ಡರಿನಲ್ಲಿ ದಾರಿ ಕವಲೊಡೆಯುತ್ತದೆ: ಒಂದು ಮಾಳದ ಘಟ್ಟವನ್ನಿಳಿದು ಕಾರ್ಕಳಕ್ಕೆ, ಇನ್ನೊಂದು ಕುದುರೆಮುಖವನ್ನು ಹಾದು ಕಳಸಕ್ಕೆ. ಈ ಎರಡನೆಯ ದಾರಿಯ ಬದಿಯಲ್ಲೇ ಗಂಗಾಮೂಲ. ಅಲ್ಲಿನ ವರಾಹ ಪರ್ವತದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಮೂವರೂ ಹುಟ್ಟುತ್ತಾರೆ. ತುಂಗೆ ಭದ್ರೆಯರು ಕೂಡಲಿಯಲ್ಲಿ ಒಂದಾಗಿ ಕೃಷ್ಣೆಯನ್ನು ಸೇರಿ ಪೂರ್ವ ಸಮುದ್ರಕ್ಕೆ ಹೋಗುತ್ತಾರೆ. ನೇತ್ರಾವತಿ ಮಂಗಳೂರಿನಲ್ಲಿ ಪಶ್ಚಿಮ ಸಮುದ್ರವನ್ನು ಸೇರುತ್ತಾಳೆ. ಒಂದೇ ಬೆಟ್ಟದ ಮೇಲೆ ಸುರಿದ ಮಳೆ ಎರಡು ಕಡಲುಗಳ ಪಾಲಾಗುವ ಸ್ಥಳವಿದು.

ಇಂಥ ಸ್ಥಳಕ್ಕೆ ಕಟ್ಟುಪಾಡು ಬಂದುದು ಸುಮ್ಮನೆ ಅಲ್ಲ. 1976ರಲ್ಲಿ ಸ್ಥಾಪಿತವಾದ ಕುದುರೆಮುಖ ಕಬ್ಬಿಣದ ಅದಿರು ಕಂಪನಿಯು ಇಲ್ಲಿಯ ಬೆಟ್ಟವನ್ನು ತೆರೆದು, ಅದಿರನ್ನು ನೀರಿನೊಡನೆ ಕಲಸಿ, ಸುಮಾರು 67 ಕಿಲೋಮೀಟರು ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹರಿಯಿಸುತ್ತಿತ್ತು. ಇತ್ತ 1987ರಲ್ಲಿ ಸುಮಾರು 600 ಚದರ ಕಿಲೋಮೀಟರಿನ ಕಾಡು ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಯಿತು. ಎಂಬತ್ತರ ದಶಕದಲ್ಲಿ ಉಲ್ಲಾಸ ಕಾರಂತರು ಸಿಂಗಳೀಕಗಳ ಬಗೆಗೆ ನಡೆಸಿದ ಸಮೀಕ್ಷೆಯೂ ಅದಕ್ಕೊಂದು ಆಧಾರವಾಯಿತು. ಗಣಿಯೂ ಕಾಡೂ ಒಂದೇ ಮನೆಯಲ್ಲಿ ಬಹುಕಾಲ ಬಾಳಲಾರವು. ದೀರ್ಘ ಹೋರಾಟದ ಬಳಿಕ 2002ರಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತು, 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಯಂತ್ರದ ಬಾಯಿಂದ ಉಳಿದುಬಂದ ಬೆಟ್ಟವನ್ನು ವಾರಾಂತ್ಯದ ವಿನೋದದ ಬಾಯಿಗೆ ಒಪ್ಪಿಸುವುದು ನ್ಯಾಯವಲ್ಲವಷ್ಟೆ.

ಆದುದರಿಂದ ಯೋಜನೆಯ ಮೊದಲ ಸಾಲು ಅನುಮತಿಯದಾಗಿರಬೇಕು. ಉದ್ಯಾನದೊಳಗಿನ ಶಿಖರಗಳಿಗೆ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಕಾಲಿಡುವಂತಿಲ್ಲ. ದಿನಕ್ಕೆ ಇಂತಿಷ್ಟೇ ಮಂದಿಗೆ ಪ್ರವೇಶ. ಅದನ್ನು ‘ಅರಣ್ಯ ವಿಹಾರ’ವೆಂಬ ಇಲಾಖೆಯ ಜಾಲತಾಣದಲ್ಲಿ ಮುಂಗಡವಾಗಿ ಪಡೆಯಬೇಕು. 2024ರ ಜನವರಿಯಲ್ಲಿ ಕುಮಾರ ಪರ್ವತದ ಬುಡದಲ್ಲಿ ಜನಜಾತ್ರೆಯೇ ನೆರೆದ ಮೇಲೆ ಈ ವ್ಯವಸ್ಥೆ ಬಿಗಿಯಾಯಿತು. ಮಾರ್ಗದರ್ಶಿಯನ್ನು ಬಿಟ್ಟು ನಡೆಯುವಂತಿಲ್ಲ, ಕಾಡಿನಲ್ಲಿ ಡೇರೆ ಹೊಡೆದು ರಾತ್ರಿ ಕಳೆಯುವಂತಿಲ್ಲ. ಉದ್ಯಾನವನ್ನು ಹಾಯುವ ವಾಹನಕ್ಕೂ ತನಿಖಾ ಠಾಣೆಯಲ್ಲಿ ವೇಳೆ ಬರೆದ ಚೀಟಿ ಕೊಡುತ್ತಾರೆ. ಆ ವೇಳೆಯೊಳಗೆ ಆಚೆಯ ಠಾಣೆಯನ್ನು ಮುಟ್ಟಬೇಕು. ದಾರಿಯ ಬದಿಯಲ್ಲಿ ಜಮಖಾನ ಹಾಸಿ ಪುಳಿಯೋಗರೆ ಬಿಚ್ಚುವ ಕನಸನ್ನು ಮನೆಯಾಕೆ ಇಲ್ಲಿಯೇ ಕೈಬಿಡಬೇಕಾಯಿತು.

ಎರಡನೆಯ ಸಾಲು ಋತುವಿನದು. ಅಮೆರಿಕದ ಟೆಕ್ಸಾಸ್ ಪ್ರಾಂತದಲ್ಲಿ ಬಿಗ್ ಬೆಂಡ್ ಎಂಬ ರಾಷ್ಟ್ರೀಯ ಉದ್ಯಾನವೊಂದಿದೆ. ಮರುಭೂಮಿಯ ನಡುವೆ ಎದ್ದುನಿಂತ ಪರ್ವತಗಳು ಅಲ್ಲಿಯವು. ಅಲ್ಲಿಗೆ ನಡೆಯಹೋಗುವವರು ತಲೆಯೊಂದಕ್ಕೆ ದಿನಕ್ಕೆ ಒಂದು ಗ್ಯಾಲನ್, ಎಂದರೆ ಹತ್ತಿರ ಹತ್ತಿರ ನಾಲ್ಕು ಲೀಟರು ನೀರು ಒಯ್ಯಬೇಕೆಂದು ಅಧಿಕಾರಿಗಳು ಎಚ್ಚರಿಸುತ್ತಾರೆ. ಅಲ್ಲಿಯ ಯೋಜನೆಯೆಲ್ಲ ನೀರಿಲ್ಲದ ಭಯದಿಂದ ಹುಟ್ಟಿದ್ದು. ನಮ್ಮ ಮಲೆನಾಡಿನದು ನೀರು ಮಿಕ್ಕೀತೆಂಬ ಭಯ. ಜೂನಿನಿಂದ ಸೆಪ್ಟೆಂಬರಿನವರೆಗೆ ಹಳ್ಳವೊಂದು ಬೆಳಿಗ್ಗೆ ಪಾದ ತೊಳೆಯುವಷ್ಟಿದ್ದು ಸಂಜೆಗೆ ಎದೆಮಟ್ಟ ಬರಬಹುದು. ಮಳೆ ಬರಿಸುವವನೆಂದು ನಾಡು ನಂಬಿದ ಋಷ್ಯಶೃಂಗನ ಗುಡಿ ಇರುವುದು ಇಲ್ಲಿಯ ಕಿಗ್ಗದಲ್ಲಿ. ಮಳೆ ಬರಲೆಂದು ಹರಕೆ ಹೊರುವ ಆ ಸನ್ನಿಧಿಯಲ್ಲಿಯೇ ಮಳೆ ನಿಲ್ಲಲೆಂದು ಬೇಡಿಕೊಳ್ಳುವುದೂ ಉಂಟು. ಫೆಬ್ರವರಿ ಕಳೆದರೆ ಚಿತ್ರವೇ ಬೇರೆ. ಬೆಟ್ಟದ ನೆತ್ತಿಯ ಹುಲ್ಲು ಒಣಗಿ, ಒಂದು ಬೀಡಿಯ ಕಿಡಿಗೆ ಗುಡ್ಡವೇ ಹೊತ್ತಿಕೊಳ್ಳುವ ಕಾಲ. ಆಗ ಇಲಾಖೆಯು ಚಾರಣವನ್ನು ನಿಲ್ಲಿಸಿಬಿಡುವುದೇ ವಾಡಿಕೆ. ಹೀಗೆ ಎರಡು ತುದಿಗಳನ್ನು ಕತ್ತರಿಸಿದರೆ ಸಂಸಾರಸ್ಥರಿಗೆ ಉಳಿಯುವುದು ಅಕ್ಟೋಬರಿನ ನಡುವಿನಿಂದ ಜನವರಿಯವರೆಗಿನ ಮೂರು ನಾಲ್ಕು ತಿಂಗಳು.

ಮೂರನೆಯದು ಮೈಗಾವಲು. ತೇವವಿದ್ದಲ್ಲಿ ಇಂಬಳ, ಅದು ರಕ್ತ ಕುಡಿದು ಉದುರೀತು, ಉಪ್ಪೋ ಹೊಗೆಸೊಪ್ಪೋ ಸಾಕು, ಹೆದರಬೇಕಾದುದಿಲ್ಲ. ಹೆದರಬೇಕಾದುದು ಉಣುಗಿಗೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನಕಾಯಿಲೆಯನ್ನು ಹರಡುವುದು ಈ ಸಾಸಿವೆಯಷ್ಟರ ಜೀವಿ. ಚಳಿಗಾಲದಿಂದ ಬೇಸಗೆಯ ಕೊನೆಯವರೆಗೆ ಅದರ ಕಾಟ. ಶೃಂಗೇರಿ, ಕೊಪ್ಪ, ನರಸಿಂಹರಾಜಪುರಗಳ ಕಡೆಯೂ ಕಾಯಿಲೆ ಕಾಣಿಸಿಕೊಂಡಿದೆ. ಮೈತುಂಬ ಬಟ್ಟೆ, ಕಾಲುಚೀಲದೊಳಗೆ ಸೇರಿಸಿದ ಪಾಯಿಜಾಮ, ಆರೋಗ್ಯ ಇಲಾಖೆಯವರು ಕಾಡಂಚಿನ ಜನರಿಗೆ ಹಂಚುವ ಡೇಪಾ ತೈಲ, ಬಂದೊಡನೆ ಬಿಸಿನೀರಿನ ಸ್ನಾನ, ಬಟ್ಟೆಯನ್ನು ಬೇರೆಯಾಗಿ ನೆನೆಹಾಕುವುದು, ಇವಿಷ್ಟನ್ನು ಬಿಡಬಾರದು. ಮಂಗಗಳು ಸತ್ತುಬಿದ್ದಿವೆಯೆಂಬ ಸುದ್ದಿ ಇರುವ ಕಡೆಗೆ ಹೋಗಲೇ ಬಾರದು. ಹಿಂತಿರುಗಿದ ಮೇಲೆ ಜ್ವರ ಬಂದರೆ, ಕಾಡಿಗೆ ಹೋಗಿದ್ದೆವೆಂಬುದನ್ನು ವೈದ್ಯರಿಗೆ ಮೊದಲು ಹೇಳಬೇಕು.

ಇಷ್ಟನ್ನು ಅರಿತ ಮೇಲೆ ಅಜ್ಜಿಯ ಪ್ರಶ್ನೆಗೆ ಉತ್ತರ ತಾನಾಗಿಯೇ ಹೊಳೆಯುತ್ತದೆ. ಯೋಜನೆಯನ್ನು ಹೊರಡುವ ಗಂಟೆಯಿಂದ ಬರೆಯಬಾರದು, ಮರಳುವ ಗಂಟೆಯಿಂದ ಹಿಮ್ಮುಖವಾಗಿ ಬರೆಯಬೇಕು. ನವೆಂಬರಿನಲ್ಲಿ ಆರು ಗಂಟೆಯ ಹೊತ್ತಿಗೆ ಸೂರ್ಯಾಸ್ತ. ಮರಗಳ ಕೆಳಗೆ ಐದಕ್ಕೇ ಮಬ್ಬು. ನಾಲ್ಕು ಗಂಟೆಗೆ ರಸ್ತೆಯಲ್ಲಿರಬೇಕಾದರೆ ಮೂರಕ್ಕೆ ಬುಡದಲ್ಲಿರಬೇಕು. ಹಾಗಾದರೆ ಹನ್ನೆರಡಕ್ಕೆ ಇಳಿಯಲಾರಂಭಿಸಬೇಕು. ಶಿಖರ ಕಂಡಿರಲಿ, ಕಾಣದಿರಲಿ, ಹನ್ನೆರಡಕ್ಕೆ ಹಿಂತಿರುಗಬೇಕು. ಹಿಮಾಲಯವನ್ನೇರುವ ನುರಿತ ಪರ್ವತಾರೋಹಿಗಳೂ ಇಂಥದೊಂದು ಗಂಟೆಯನ್ನು ಮೊದಲೇ ಗೊತ್ತುಪಡಿಸಿಕೊಳ್ಳುತ್ತಾರೆ. 1996ರ ಮೇ ತಿಂಗಳಲ್ಲಿ ಎವರೆಸ್ಟಿನ ಮೇಲೆ ಬಿರುಗಾಳಿಗೆ ಸಿಕ್ಕಿ ಎಂಟು ಮಂದಿ ಸತ್ತಾಗ, ಅವರಲ್ಲಿ ಹಲವರು ಆ ಗಂಟೆಯನ್ನು ಮೀರಿ ಮೇಲಕ್ಕೆ ಹೋಗಿದ್ದವರು.

ಯಜಮಾನರ ಹೊಸ ಪಟ್ಟಿ ಚಿಕ್ಕದಾಯಿತು. ಶನಿವಾರ ಬೆಳಿಗ್ಗೆ ಶೃಂಗೇರಿ. ತುಂಗೆಯಲ್ಲಿ ಸ್ನಾನ, ದರ್ಶನ, ಮಧ್ಯಾಹ್ನ ಪ್ರಸಾದ, ಸಂಜೆ ಬೇಗನೆ ನಿದ್ರೆ. ಅಜ್ಜಿಯೂ ಬರಬಹುದು, ಬೆಟ್ಟದ ದಿನ ಆಕೆ ಶೃಂಗೇರಿಯಲ್ಲಿಯೇ ಉಳಿಯುತ್ತಾರೆ. ಭಾನುವಾರ ಐದೂವರೆಗೆ ಗೊತ್ತುಮಾಡಿದ ವಾಹನದಲ್ಲಿ ಕೆರೆಕಟ್ಟೆಯ ದಾರಿ; ಎಂಟರೊಳಗೆ ಕುದುರೆಮುಖದ ಕಚೇರಿಯಲ್ಲಿ ಅನುಮತಿ ತೋರಿಸಿ ಕುರಿಂಜಾಲಿನ ಏರು. ಸುಮಾರು 1,890 ಮೀಟರು ಎತ್ತರದ ಕುದುರೆಮುಖ ಶಿಖರ ಬೇಡ. ಅದಕ್ಕೆ ಪಳಗಿದ ಕಾಲುಗಳೂ ಪೂರ್ತಿ ದಿನವೂ ಬೇಕು. ಒಬ್ಬೊಬ್ಬರಿಗೆ ಎರಡು ಲೀಟರು ನೀರು, ಸ್ಟೀಲಿನ ಡಬ್ಬಿಯಲ್ಲಿ ಚಪಾತಿ, ಒಂದು ಟಾರ್ಚು, ಔಷಧದ ಪೊಟ್ಟಣ. ಒಯ್ದ ಕಾಗದದ ಚೂರೂ ಮರಳಿ ಬರಬೇಕು. ಬೆಟ್ಟದಲ್ಲಿ ಮೊಬೈಲು ಕೆಲಸಮಾಡದು. ಆದಕಾರಣ ಯಾವ ದಾರಿ, ಎಷ್ಟು ಹೊತ್ತು ಎಂಬುದನ್ನು ಬರೆದು ಅಜ್ಜಿಯ ಕೈಗೆ ಕೊಡುವುದು. ಉಳಿದ ಊರುಗಳನ್ನೆಲ್ಲ ಹೊಡೆದುಹಾಕಿದಾಗ ಮಗನ ಮುಖ ಸಣ್ಣದಾಯಿತು. “ಬೆಟ್ಟ ಎಲ್ಲಿಗೂ ಓಡಿಹೋಗದು ಕಣೋ, ಮುಂದಿನ ವರ್ಷವೂ ಅಲ್ಲೇ ಇರುತ್ತೆ” ಎಂದರು ಅಜ್ಜಿ.

ಇಷ್ಟೆಲ್ಲ ಎಚ್ಚರವು ಎರಡು ದಿನದ ಅತಿಥಿಗಳಿಗೆ. ಕೆರೆಕಟ್ಟೆಯವರಿಗೆ ವರ್ಷದ ಮುನ್ನೂರ ಅರವತ್ತೈದು ದಿನವೂ ಇದೇ ಕಾಡು, ಇದೇ ಕತ್ತಲೆ. ಅಡಕೆಯ ತೋಟಕ್ಕೆ ಹಳದಿ ಎಲೆ ರೋಗ. ಉದ್ಯಾನದೊಳಗೆ ಉಳಿದವರ ಪುನರ್ವಸತಿಯ ಪ್ರಶ್ನೆ ದಶಕಗಳಿಂದ ಎಳೆಯುತ್ತಲೇ ಬಂದಿದೆ. 2025ರಲ್ಲಿ ಈ ಸುತ್ತಿನಲ್ಲಿ ಕಾಡಾನೆಯ ದಾಳಿಗೆ ಮನುಷ್ಯಜೀವಗಳು ಹೋದವು. ಅವರು ವಿನೋದಕ್ಕೆ ಹೊರಟವರಲ್ಲ, ದಿನನಿತ್ಯದ ದುಡಿಮೆಯವರು. ಪಟ್ಟಣದವನು ಹೊತ್ತು ಮೀರಿ ಕಾಡಿನಲ್ಲಿ ಸಿಕ್ಕಿಕೊಂಡರೆ ಅವನನ್ನು ಹುಡುಕುವುದಕ್ಕೆ ದೀಪ ಹಿಡಿದು ಹೊರಡಬೇಕಾದವರು ಅರಣ್ಯದ ಕಾವಲುಗಾರರೂ ಈ ಊರುಗಳ ಗಂಡಸರೂ. ಅವರ ಮನೆಯಲ್ಲಿಯೂ ಹೆಂಡಿರು ಮಕ್ಕಳು ಬಾಗಿಲು ನೋಡುತ್ತ ಕುಳಿತಿರುತ್ತಾರೆಂಬುದನ್ನು ‘ಇನ್ನೊಂದು ಸ್ವಲ್ಪ ಮೇಲೆ’ ಎನ್ನುವವನು ನೆನೆಯಬೇಕು.

ಹೊರಡುವವರು ಮನೆಗೆ ಬೀಗ ಹಾಕುವ ಮುನ್ನ ಚೀಲಗಳನ್ನು ಎಣಿಸುವುದುಂಟು. ಅದರ ಜೊತೆಗೆ ಇನ್ನೊಂದನ್ನು ಎಣಿಸಿಕೊಂಡರೆ ಲೇಸು: ಪಟ್ಟಿಯಿಂದ ಎಷ್ಟು ಸಾಲುಗಳನ್ನು ಹೊಡೆದುಹಾಕಿದ್ದಾಯಿತು? ಒಂದೂ ಇಲ್ಲವಾದರೆ ಪಟ್ಟಿ ಇನ್ನೂ ಸಿದ್ಧವಾಗಿಲ್ಲವೆಂದೇ ತಿಳಿಯಬೇಕು.