ರೇಡಿಯೋದಲ್ಲಿ ರೈತರಾದ ಅರ್ಲ್ ಸಾಹೇಬರು



ಇಂಗ್ಲೆಂಡಿನಲ್ಲಿ ಟಿಮ್ ಬೆಂಟಿಂಕ್ ಎಂಬ ನಟರಿದ್ದಾರೆ. ಮನೆತನದಿಂದ ಅವರು ಪೋರ್ಟ್‌ಲೆಂಡಿನ 12ನೆಯ ಅರ್ಲ್. ಅರ್ಲ್ ಎಂಬುದು ಅಲ್ಲಿ ತಂದೆಯಿಂದ ಮಗನಿಗೆ ಇಳಿದು ಬರುವ ದೊಡ್ಡ ಬಿರುದು. ಆದರೆ ಜನ ಅವರನ್ನು ಬಲ್ಲದ್ದು ಡೇವಿಡ್ ಆರ್ಚರ್ ಎಂಬ ರೈತನಾಗಿ. 1982ರಿಂದ ಅವರು ಬಿಬಿಸಿ ರೇಡಿಯೋದ 'ದಿ ಆರ್ಚರ್ಸ್' ಧಾರಾವಾಹಿ ನಾಟಕದಲ್ಲಿ ಹಸು ಕುರಿ ಸಾಕಿ ಬದುಕುವ ಈ ರೈತನ ಪಾತ್ರ ವಹಿಸಿದ್ದಾರೆ.

ಈ ವಂಶದ ಹೆಸರು ನಮಗೆ ಹೊಸದಲ್ಲ. ಶಿವಮೊಗ್ಗ ಸೀಮೆಯ ನಗರದ ರೈತರು ದಂಗೆಯೆದ್ದ ಮೇಲೆ, 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ಮೈಸೂರಿನ ಆಡಳಿತ ಕಿತ್ತುಕೊಂಡ ಗವರ್ನರ್ ಜನರಲ್ ವಿಲಿಯಂ ಬೆಂಟಿಂಕ್ ಇದೇ ವಂಶದವನು. ಆದರೆ ಟಿಮ್ ಅವರ ಪಾಲಿಗೆ ಬಂದದ್ದು ಬಿರುದು, ಜಮೀನಲ್ಲ. ಅವರ ತಂದೆ ಆಸ್ಟ್ರೇಲಿಯಾದ ಕುರಿ ಫಾರ್ಮಿನಲ್ಲಿ ದುಡಿದವರು. ಟಿಮ್ ಹುಟ್ಟಿದ್ದು ಅಲ್ಲಿಯ ಟಾಸ್ಮೇನಿಯಾದಲ್ಲಿ, 1953ರಲ್ಲಿ. 1997ರಲ್ಲಿ ತಂದೆ ತೀರಿಕೊಂಡಾಗ ಬಿರುದಿನೊಡನೆ ಹೌಸ್ ಆಫ್ ಲಾರ್ಡ್ಸ್ ಸಭೆಯ ಸ್ಥಾನವೂ ಬಂತು. 1999ರ ಕಾನೂನು ಆ ಸ್ಥಾನವನ್ನು ತೆಗೆದುಹಾಕಿತು. ರೇಡಿಯೋದ ಬೇಸಾಯ ಮಾತ್ರ ಉಳಿಯಿತು.

'ನೇಗಿಲು ಹಿಡಿಯದವನ ಬೇಸಾಯದ ಮಾತು ನಮಗೇಕೆ?' ಎಂದು ನೀವು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಈ ನಾಟಕ ಹುಟ್ಟಿದ ಬಗೆಯನ್ನು ಮೊದಲು ಗಮನಿಸಿ.

ಮಹಾಯುದ್ಧ ಮುಗಿದರೂ ಬ್ರಿಟನ್ನಿನಲ್ಲಿ ಆಹಾರದ ಪಡಿತರ ನಿಂತಿರಲಿಲ್ಲ. ಅದು ಪೂರ್ತಿ ನಿಂತದ್ದು 1954ರಲ್ಲಿ. ಇಳುವರಿ ಹೆಚ್ಚಿಸುವ ವಿಧಾನಗಳನ್ನು ರೈತರಿಗೆ ಮುಟ್ಟಿಸಬೇಕಿತ್ತು, ಒಣ ಭಾಷಣ ಯಾರೂ ಕೇಳುತ್ತಿರಲಿಲ್ಲ. 1948ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ನಡೆದ ಸಭೆಯೊಂದರಲ್ಲಿ ರೈತರೊಬ್ಬರು, ಪತ್ತೇದಾರಿ ನಾಟಕದಷ್ಟೇ ರೋಚಕವಾದ ಬೇಸಾಯದ ನಾಟಕ ಬೇಕೆಂದರು. ಗಾಡ್‌ಫ್ರೇ ಬೇಸ್ಲಿ ಅದನ್ನು ಕೈಗೆತ್ತಿಕೊಂಡರು. ಕೃಷಿ ಸಚಿವಾಲಯದ ಸಹಕಾರದೊಡನೆ 1951ರ ಜನವರಿ 1ರಿಂದ ನಾಡಿನಾದ್ಯಂತ ಪ್ರಸಾರ ಆರಂಭವಾಯಿತು. ಬೋಧನೆಯ ಹೊಣೆ 1972ರಲ್ಲಿ ಕೈಬಿಟ್ಟಿತು. ಆದರೂ ಬೇಸಾಯದ ಸಂಗತಿ ತಪ್ಪದಂತೆ ನೋಡುವ ಕೃಷಿ ಸಂಪಾದಕರನ್ನು ಇಟ್ಟುಕೊಳ್ಳುವ ಪದ್ಧತಿ ಬಿಡಲಿಲ್ಲ.

ಸ್ಟುಡಿಯೋದಲ್ಲಿ ಹಸುವೂ ಇಲ್ಲ, ಹೊಲವೂ ಇಲ್ಲ. ಇಸ್ತ್ರಿ ಮಾಡುವ ಹಳೆಯ ಹಲಗೆ ಕಿರುಗುಟ್ಟಿದರೆ ಅದೇ ಹೊಲದ ಗೇಟು. ಒದ್ದೆ ಟವೆಲ್ ಮತ್ತು ಮೊಸರಿನಿಂದ ಕುರಿಮರಿ ಹುಟ್ಟುವ ಸದ್ದು! ಸದ್ದು ಸುಳ್ಳು, ಸಂಗತಿ ನಿಜ. 2001ರಲ್ಲಿ ಕಾಲುಬಾಯಿ ರೋಗ ಹಬ್ಬಿ, ಆ ದೇಶದಲ್ಲಿ 60 ಲಕ್ಷಕ್ಕೂ ಹೆಚ್ಚು ಜಾನುವಾರುಗಳನ್ನು ಕೊಲ್ಲಬೇಕಾಯಿತು. ಆಗ ನಾಟಕದಲ್ಲಿ ಡೇವಿಡ್ ಕುಟುಂಬವೂ ರೋಗ ಒಳಬರದಂತೆ ತನ್ನ ಫಾರ್ಮಿನ ಬಾಗಿಲು ಮುಚ್ಚಿಕೊಂಡು ಒಳಗೇ ಉಳಿಯಿತು. ಸುತ್ತೋಲೆ ಹೇಳುವ ಎಚ್ಚರಿಕೆಯನ್ನು ಒಂದು ಮನೆಯ ಕಷ್ಟವಾಗಿ ಹೇಳಿದಾಗ ಅದು ಮನಸ್ಸಿಗೆ ನಾಟುತ್ತದೆ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೆ: ದನಿ ಯಾರದಾದರೂ ಇರಲಿ, ದನಿಯ ಹಿಂದೆ ವಿಷಯ ಬಲ್ಲವರಿರಬೇಕು. ಇಂದು ನಿಮ್ಮ ಮೊಬೈಲಿನಲ್ಲಿ ಸಲಹೆ ಕೊಡುವವರಿಗೆ ಲೆಕ್ಕವಿಲ್ಲ. ತಲೆಗೆ ಟವೆಲ್ ಸುತ್ತಿ ಹೊಲದಲ್ಲಿ ನಿಂತು ಮಾತನಾಡಿದವರೆಲ್ಲ ರೈತರಲ್ಲ. ಬೆಂಟಿಂಕ್ ತಾವು ನಟರೆಂಬುದನ್ನು ಮುಚ್ಚಿಡಲಿಲ್ಲ, ನಿಮಗೆ ಔಷಧಿ ಮಾರಲೂ ಬರಲಿಲ್ಲ. ಇವರಲ್ಲಿ ಕೆಲವರು ಎರಡನ್ನೂ ಮಾಡುತ್ತಾರೆ.

ಹಾಗಾಗಿ ಹೊಸ ಸಲಹೆ ಕೇಳಿದಾಗ ಮೂರು ಪ್ರಶ್ನೆ ಹಾಕಿಕೊಳ್ಳಿ. ಹೇಳುವವರು ಯಾರು? ಇದರಿಂದ ಲಾಭ ಯಾರಿಗೆ? ಅವರ ಮಣ್ಣು, ಮಳೆ ನಮ್ಮಂಥದ್ದೇ? ಆಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ, ಒಂದೆರಡು ಗುಂಟೆಯಲ್ಲಿ ಮಾತ್ರ ಮಾಡಿ ನೋಡಿ. ರೇಡಿಯೋ ರೈತನ ಬೆಳೆ ಕೆಟ್ಟರೆ ಕಥೆ ಮುಂದುವರಿಯುತ್ತದೆ. ನಿಮ್ಮ ಬೆಳೆ ಕೆಟ್ಟರೆ ಸಾಲ ಉಳಿಯುತ್ತದೆ.